ಪಿಯುಸಿ ಆದ ಮೇಲೆ ಲಿಬರಲ್ ಆರ್ಟ್ಸ್ ಕಾಲೇಜು: ಉತ್ತರ ಕನ್ನಡದ ಮಕ್ಕಳಿಗೆ ಒಂದು ಕೈಪಿಡಿ

ದ್ವಿತೀಯ ಪಿಯು ಫಲಿತಾಂಶ ಬರುವ ಹೊತ್ತಿಗೆ ಶಿರಸಿ, ಕುಮಟಾ, ಅಂಕೋಲಾ ಕಡೆಯಿಂದ ಒಂದೇ ಥರದ ಪ್ರಶ್ನೆಗಳು ಬರುತ್ತವೆ. "ಮಗಳಿಗೆ ಲಿಬರಲ್ ಆರ್ಟ್ಸ್ ಕಾಲೇಜಲ್ಲಿ ಸೀಟು ಸಿಕ್ಕಿದೆ, ಅಲ್ಲಿ ಓದು ಹೇಗಿರ್ತದೆ?" "ಕನ್ನಡ ಮಾಧ್ಯಮದವರಿಗೆ ಆಗ್ತದಾ?" "ಅಷ್ಟು ದುಡ್ಡು ಕೊಟ್ಟು ಬಿಎ ಯಾಕೆ?" ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು, ಯಾವ ಥರದ ಕಾಲೇಜಿನ ಬಗ್ಗೆ ಮಾತು ಅಂತ ಹೇಳಿಬಿಡುತ್ತೇನೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಪುಣೆಯ ಫ್ಲೇಮ್, ಆಂಧ್ರದ ಶ್ರೀಸಿಟಿಯಲ್ಲಿರುವ ಕ್ರಿಯಾ, ಹರಿಯಾಣದ ಸೋನಿಪತ್‌ನ ಅಶೋಕ ಇಂಥವು. ಎಲ್ಲವೂ ಖಾಸಗಿ. ಅಶೋಕ ಈಗ ಅಷ್ಟು ಸಣ್ಣದಲ್ಲ, ಆದರೂ ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳ ಮುಂದೆ ಸಣ್ಣದೇ. ಇಲ್ಲಿ ಇತಿಹಾಸ ಓದುವವರು ಸಂಖ್ಯಾಶಾಸ್ತ್ರವನ್ನೂ, ಜೀವಶಾಸ್ತ್ರ ಓದುವವರು ತತ್ವಶಾಸ್ತ್ರವನ್ನೂ ತೆಗೆದುಕೊಳ್ಳಬಹುದು. ವಿದ್ಯಾರ್ಥಿಗಳು ಕಡಿಮೆ. ನೀವು ಕ್ಲಾಸಿಗೆ ಬಂದಿಲ್ಲ ಅಂದರೆ ಮೇಷ್ಟ್ರಿಗೆ ಆವತ್ತೇ ಗೊತ್ತಾಗುತ್ತದೆ.

ನಮ್ಮ ಕಡೆಯ ಮಕ್ಕಳು ಎಡವುವುದು ಬುದ್ಧಿ ಕಡಿಮೆಯಾಗಿ ಅಲ್ಲ, ಇಂಗ್ಲಿಷ್‌ನಿಂದಲೂ ಅಷ್ಟಾಗಿ ಅಲ್ಲ. ಪರೀಕ್ಷೆ ಹತ್ತಿರ ಬಂದಾಗ ಕೂತು ಓದಿದರಾಯಿತು ಎಂಬ ರೂಢಿಯಿಂದ. ಇಲ್ಲಿ ಅಂಕ ವಾರವಾರದ ಸಣ್ಣ ಕೆಲಸಗಳಲ್ಲಿ ಹಂಚಿಹೋಗಿರುತ್ತದೆ. ಕೊನೆಯ ತಿಂಗಳು ಎಚ್ಚೆತ್ತರೆ ಅರ್ಧ ಅಂಕ ಆಗಲೇ ಕೈಬಿಟ್ಟಿರುತ್ತದೆ.

1. ಅರ್ಜಿಗೆ ಮುಂಚೆ

ಫಲಿತಾಂಶ ಬರಲಿ, ಆಮೇಲೆ ನೋಡೋಣ ಅಂದುಕೊಂಡರೆ ತಡವಾಯಿತು ಅಂತಲೇ ಲೆಕ್ಕ. ಹೆಚ್ಚಿನ ಕಡೆ ಅರ್ಜಿ ದ್ವಿತೀಯ ಪಿಯು ಪರೀಕ್ಷೆಗೂ ಮುಂಚೆ ಶುರುವಾಗುತ್ತದೆ. ಸುತ್ತಿನ ಮೇಲೆ ಸುತ್ತು ಇರುತ್ತದೆ, ಕೊನೆಯ ಸುತ್ತಿನ ಹೊತ್ತಿಗೆ ಸೀಟು, ಶುಲ್ಕ ರಿಯಾಯಿತಿ ಎರಡೂ ಕರಗಿರಬಹುದು. ದ್ವಿತೀಯ ಪಿಯು ಓದುವ ವರ್ಷದ ದೀಪಾವಳಿ ಹೊತ್ತಿಗೇ ವೆಬ್‌ಸೈಟ್ ನೋಡಲು ಶುರುಮಾಡಿ. ಪ್ರವೇಶ ಪರೀಕ್ಷೆ, ಪ್ರಬಂಧ, ಸಂದರ್ಶನ ಇರುತ್ತದೆ. ಸಂದರ್ಶನದಲ್ಲಿ ಇಂಗ್ಲಿಷ್ ತಡವರಿಸಿದರೆ ಪರವಾಗಿಲ್ಲ, ಬಾಯಿಪಾಠ ಒಪ್ಪಿಸಿದರೆ ಮಾತ್ರ ಸಿಕ್ಕಿಬೀಳುತ್ತೀರಿ.

"ಲಿಬರಲ್ ಆರ್ಟ್ಸ್" ಎಂದು ಬೋರ್ಡು ಹಾಕಿಕೊಂಡ ಎಲ್ಲ ಕಾಲೇಜೂ ಒಂದೇ ಅಲ್ಲ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ವೆಬ್‌ಸೈಟಿನಲ್ಲಿರುವ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಹೆಸರಿದೆಯಾ ನೋಡಿ. ಆಮೇಲೆ ಪ್ರವೇಶ ವಿಭಾಗಕ್ಕೆ ಫೋನ್ ಮಾಡಿ ಒಂದೇ ಒಂದು ವಿಷಯ ಕೇಳಿ: ಹೋದ ಸೆಮಿಸ್ಟರಿನಲ್ಲಿ ನಿಜವಾಗಿ ನಡೆದ ಕೋರ್ಸುಗಳ ಪಟ್ಟಿ ಮತ್ತು ಅವನ್ನು ಪಾಠ ಮಾಡಿದವರ ಹೆಸರು. ಬ್ರೋಷರಿನಲ್ಲಿ ನಲವತ್ತು ವಿಷಯ ಇದ್ದು, ನಡೆದದ್ದು ಹನ್ನೆರಡೇ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ಊರಲ್ಲೇ ಇದ್ದು ಓದುವುದು ಕಡಿಮೆ ಅಂತ ಯಾರೂ ತಿಳಿಯಬೇಕಾಗಿಲ್ಲ. ಕುಮಟಾದ ಬಾಳಿಗಾ ಕಾಲೇಜು, ಅಂಕೋಲೆಯ ಗೋಖಲೆ ಸೆಂಟಿನರಿ, ಶಿರಸಿಯ ಎಂಎಂ, ಹೊನ್ನಾವರದ ಎಸ್‌ಡಿಎಂ ಇವೂ ಖಾಸಗಿ ಆಡಳಿತ ಮಂಡಳಿಗಳು ಕಟ್ಟಿದ ಕಾಲೇಜುಗಳೇ. ಅಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಬಿಎ ಸಿಗುತ್ತದೆ, ಖರ್ಚು ತೀರಾ ಕಡಿಮೆ. ರಾಜ್ಯದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಅಜೀಂ ಪ್ರೇಮ್‌ಜಿ, ಅಶೋಕದಂಥ ಕಡೆ ಹೆಚ್ಚಾಗಿ ನಾಲ್ಕು ವರ್ಷದ ಆನರ್ಸ್ ಪದವಿ. ಒಂದು ವರ್ಷದ ಖರ್ಚು ಜಾಸ್ತಿ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.

2. ಹಣದ ಲೆಕ್ಕ

ಅಪ್ಪ ಅಮ್ಮ ಓದಬೇಕಾದ ಭಾಗ ಇದು. ಪೂರ್ತಿ ಶುಲ್ಕ ನೋಡಿ ಹೆದರಿ ಕೈಬಿಡಬೇಡಿ. ಇಂಥ ಕಾಲೇಜುಗಳಲ್ಲಿ ಮನೆಯ ಆದಾಯ ನೋಡಿ ಕೊಡುವ ಶುಲ್ಕ ರಿಯಾಯಿತಿ ಇರುತ್ತದೆ. ಇದು ಅಂಕಕ್ಕೆ ಕೊಡುವ ಬಹುಮಾನ ಅಲ್ಲ, ಹಾಗಾಗಿ ಕೇಳಲು ಸಂಕೋಚ ಬೇಡ. ಆದರೆ ಬೋಧನಾ ಶುಲ್ಕಕ್ಕೆ ಮಾತ್ರವಾ, ಹಾಸ್ಟೆಲ್ ಮತ್ತು ಊಟಕ್ಕೂ ಸೇರಿಯಾ? ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕಾ? ಇಂತಿಷ್ಟು ಅಂಕ ಇಲ್ಲದಿದ್ದರೆ ನಿಂತುಹೋಗುತ್ತದಾ? ಇವುಗಳ ಉತ್ತರ ಬಾಯಿಮಾತಲ್ಲಿ ಬೇಡ, ಇಮೇಲಿನಲ್ಲಿ ಪಡೆಯಿರಿ.

ದಾಖಲೆಗಳಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ತೊಡಕಿದೆ. ಅವರ ಫಾರ್ಮು ಸಂಬಳದವರನ್ನು ನೋಡಿ ಮಾಡಿದ್ದು. ಸ್ಯಾಲರಿ ಸ್ಲಿಪ್, ಆದಾಯ ತೆರಿಗೆ ರಿಟರ್ನ್ ಕೇಳುತ್ತಾರೆ. ಒಂದೂವರೆ ಎಕರೆ ಅಡಿಕೆ ತೋಟ ಇದ್ದವರ ಹತ್ತಿರ, ಬೋಟಿಗೆ ಹೋಗುವವರ ಹತ್ತಿರ ಇವೆಲ್ಲ ಎಲ್ಲಿಂದ ಬರಬೇಕು? ಖಾಲಿ ಬಿಟ್ಟು ಕಳಿಸಬೇಡಿ. ನಾಡಕಚೇರಿಯ ಆದಾಯ ಪ್ರಮಾಣ ಪತ್ರ, ಪಹಣಿ, ಒಂದು ವರ್ಷದ ಬ್ಯಾಂಕ್ ಪಾಸ್‌ಬುಕ್, ಅಡಿಕೆ ಹಾಕುವ ಸೊಸೈಟಿಯಿಂದ ವರ್ಷದ ವ್ಯಾಪಾರದ ಪಟ್ಟಿ ಇಷ್ಟನ್ನೂ ಜೋಡಿಸಿ. ಮೇಲೊಂದು ಅರ್ಧ ಪುಟದ ಪತ್ರ ಇಡಿ: ಮನೆಯಲ್ಲಿ ಎಷ್ಟು ಜನ, ದುಡಿಯುವವರು ಯಾರು, ಸಾಲ ಎಷ್ಟಿದೆ, ಕೊಳೆರೋಗ ಬಂದ ವರ್ಷ ಆದಾಯ ಎಷ್ಟಕ್ಕೆ ಇಳಿಯಿತು. ಪ್ರಮಾಣ ಪತ್ರ ಕನ್ನಡದಲ್ಲಿರುತ್ತದೆ, ಹೊರರಾಜ್ಯದವರು ಇಂಗ್ಲಿಷ್ ಅನುವಾದ ಕೇಳಬಹುದು. ನೋಟರಿ ಮಾಡಿಸಿ ಇಟ್ಟುಕೊಳ್ಳಿ.

ಕಂತಿನ ಸಮಯವನ್ನೂ ಮಾತಾಡಿಕೊಳ್ಳಿ. ಶುಲ್ಕದ ಮೊದಲ ಕಂತು ಹೆಚ್ಚಾಗಿ ಮಳೆಗಾಲದ ಶುರುವಿಗೆ ಬೀಳುತ್ತದೆ. ಆಗ ಘಟ್ಟದ ಮೇಲೆ ಅಡಿಕೆ ಇನ್ನೂ ಮರದಲ್ಲಿದೆ. ಘಟ್ಟದ ಕೆಳಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಇಡೀ ಜಿಲ್ಲೆಯ ಕೈಯಲ್ಲಿ ಕಾಸಿಲ್ಲದ ಹೊತ್ತದು! ಇದನ್ನು ಬರೆದು ತಿಳಿಸಿದರೆ ಕಂತು ಮುಂದೂಡಿ ಕೊಡುವುದುಂಟು. ಸುಮ್ಮನಿದ್ದರೆ ದಂಡ ಬೀಳುತ್ತದೆ.

ಶಿಕ್ಷಣ ಸಾಲಕ್ಕೆ ಮೊದಲು ನೀವು ವ್ಯವಹಾರ ಮಾಡುವ ಬ್ಯಾಂಕ್ ಶಾಖೆಯಲ್ಲೇ ಕೇಳಿ. 7.5 ಲಕ್ಷದವರೆಗಿನ ಸಾಲಕ್ಕೆ ಕೇಂದ್ರ ಸರ್ಕಾರದ ಖಾತ್ರಿ ಯೋಜನೆ ಇರುವುದರಿಂದ ಸಾಮಾನ್ಯವಾಗಿ ಆಸ್ತಿ ಅಡವು ಬೇಕಾಗುವುದಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಮಾತ್ರ ಮೊದಲ ದಿನದಿಂದಲೇ ಬೆಳೆಯುತ್ತಿರುತ್ತದೆ. ಓದುವಾಗಲೇ ಬಡ್ಡಿಯಷ್ಟನ್ನಾದರೂ ಕಟ್ಟುತ್ತಾ ಬಂದರೆ ಕೊನೆಗೆ ಹೊರೆ ಬಹಳ ಇಳಿಯುತ್ತದೆ.

3. ಮೊದಲ ವಾರ

ಪ್ರತಿ ಕೋರ್ಸಿಗೂ ಮೊದಲ ದಿನ ಸಿಲಬಸ್ ಕೊಡುತ್ತಾರೆ. ಪಿಯುಸಿಯ ಸಿಲಬಸ್ ಅಂದರೆ ಪಾಠಗಳ ಪಟ್ಟಿ. ಇಲ್ಲಿ ಅದು ಕರಾರು ಪತ್ರ ಇದ್ದ ಹಾಗೆ. ಯಾವ ವಾರ ಯಾವ ಪುಟ ಓದಿ ಬರಬೇಕು, ಯಾವ ಕೆಲಸಕ್ಕೆ ಎಷ್ಟು ಅಂಕ, ತಡವಾದರೆ ಎಷ್ಟು ಕಡಿತ ಎಲ್ಲ ಅದರಲ್ಲೇ ಇರುತ್ತದೆ. ಆವತ್ತು ರಾತ್ರಿಯೇ ಎಲ್ಲ ಕೋರ್ಸುಗಳ ಗಡುವನ್ನೂ ಒಂದೇ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ. ಮೂರು ಪ್ರಬಂಧ ಒಂದೇ ವಾರಕ್ಕೆ ಬಿದ್ದಿರುವುದು ಆಗಲೇ ಕಾಣುತ್ತದೆ.

ಕ್ರೆಡಿಟ್ ಅಂದರೆ ಕೋರ್ಸಿನ ತೂಕ. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ಕ್ರೆಡಿಟ್‌ಗೆ 30 ಗಂಟೆ ಕಲಿಕೆ. ಒಂದು ಸೆಮಿಸ್ಟರಿಗೆ ಸುಮಾರು 20 ಕ್ರೆಡಿಟ್, ಅಂದರೆ 600 ಗಂಟೆ. 15 ವಾರಕ್ಕೆ ಹಂಚಿದರೆ ವಾರಕ್ಕೆ 40 ಗಂಟೆ. ಇದರಲ್ಲಿ ಕ್ಲಾಸು ಸುಮಾರು 20 ಗಂಟೆ. ಉಳಿದ 20 ಗಂಟೆ ನೀವೇ ಕೂತು ಓದಬೇಕು, ಬರೆಯಬೇಕು. ವೇಳಾಪಟ್ಟಿಯಲ್ಲಿ ಮಧ್ಯಾಹ್ನ ಖಾಲಿ ಕಂಡರೆ ರಜೆ ಅಂತ ತಿಳಿಯಬೇಡಿ.

ಮೊದಲ ಒಂದೆರಡು ವಾರ ಕೋರ್ಸು ಬದಲಿಸಲು ಅವಕಾಶ ಇರುತ್ತದೆ, ಅದಕ್ಕೆ ಆ್ಯಡ್-ಡ್ರಾಪ್ ಎನ್ನುತ್ತಾರೆ. ಗೆಳತಿ ತೆಗೆದುಕೊಂಡಳು ಅಂತ ನೀವೂ ತೆಗೆದುಕೊಂಡ ಕೋರ್ಸನ್ನು ಈ ಹೊತ್ತಿನಲ್ಲೇ ಬಿಟ್ಟುಬಿಡಿ. ಗಡುವು ದಾಟಿದರೆ ಅದು ಅಂಕಪಟ್ಟಿಯಲ್ಲಿ ಉಳಿಯುತ್ತದೆ.

4. ಓದುವುದು

ವಾರಕ್ಕೆ ನೂರು ನೂರೈವತ್ತು ಪುಟ ಇಂಗ್ಲಿಷ್ ಓದು ಬೀಳಬಹುದು. ಗೈಡ್ ಇಲ್ಲ, ನೋಟ್ಸ್ ಯಾರೂ ಬರೆಸುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದವರು ಸಾಮಾನ್ಯವಾಗಿ ಮೊದಲ ಸಾಲಿಂದ ಶುರುಮಾಡಿ, ಗೊತ್ತಿಲ್ಲದ ಪ್ರತಿ ಪದಕ್ಕೂ ಡಿಕ್ಷನರಿ ನೋಡಿ, ನಾಲ್ಕನೇ ಪುಟಕ್ಕೆ ಸುಸ್ತಾಗುತ್ತಾರೆ. ಹೀಗೆ ಓದಿ ನೋಡಿ.

30 ಪುಟದ ಲೇಖನ ಇದ್ದರೆ ಮೊದಲ ಎರಡು ಪುಟ, ಕೊನೆಯ ಎರಡು ಪುಟ, ನಡುವಿನ ಉಪಶೀರ್ಷಿಕೆಗಳು ಇಷ್ಟನ್ನೇ ಓದಿ ನಿಲ್ಲಿಸಿ. ಪುಸ್ತಕ ಮುಚ್ಚಿ, ಕನ್ನಡದಲ್ಲೇ ನಾಲ್ಕು ಸಾಲು ಬರೆಯಿರಿ: ಇವರು ಯಾವ ಪ್ರಶ್ನೆ ಹಿಡಿದಿದ್ದಾರೆ, ಇವರ ಉತ್ತರ ಏನು, ಯಾರ ಜೊತೆ ಜಗಳ, ಪುರಾವೆ ಯಾವುದು. ಪುರಾವೆಯ ಜಾಗ ಖಾಲಿ ಉಳಿಯುತ್ತದೆ, ಉಳಿಯಲಿ. ಈಗ ನಡುವಿನ ಪುಟಗಳನ್ನು ಆ ಖಾಲಿ ಜಾಗ ತುಂಬಲು ಓದಿ. ಒಂದೇ ಪದ ಮೂರು ಸಲ ಎದುರಾದರೆ ಮಾತ್ರ ಡಿಕ್ಷನರಿ ತೆರೆಯಿರಿ. ಇಡೀ ಲೇಖನವನ್ನು ಮೊಬೈಲಿನಲ್ಲಿ ಕನ್ನಡಕ್ಕೆ ಅನುವಾದ ಮಾಡಿ ಓದುವವರೂ ಇದ್ದಾರೆ. ಅದರಿಂದ ವಿಷಯ ಅರ್ಧಂಬರ್ಧ ತಿಳಿಯುತ್ತದೆ, ಇಂಗ್ಲಿಷ್ ಓದು ಮಾತ್ರ ಇದ್ದಲ್ಲೇ ಇರುತ್ತದೆ. ಟಿಪ್ಪಣಿ ಕನ್ನಡದಲ್ಲಿ ಬರೆಯುವುದು ಬೇರೆ. ಅದನ್ನು ನಾಲ್ಕೂ ವರ್ಷ ಬರೆಯಿರಿ, ನಾಚಿಕೆ ಪಡಬೇಡಿ.

ಓದುವಾಗ ಪುಟದ ಅಂಚಿನಲ್ಲಿ ಒಂದು ಪ್ರಶ್ನೆ ಗೀಚಿಕೊಳ್ಳಿ. ಕ್ಲಾಸಿನ ಚರ್ಚೆಗೂ ಅಂಕ ಇರುತ್ತದೆ. ನಗರದ ಮಕ್ಕಳು ಪಟಪಟ ಮಾತಾಡುವಾಗ ನಡುವೆ ಬಾಯಿ ಹಾಕುವುದು ಕಷ್ಟ, ಅಲ್ವಾ? ಕ್ಲಾಸಿನ ಮೊದಲ ಹತ್ತು ನಿಮಿಷದೊಳಗೆ ಆ ಪ್ರಶ್ನೆಯನ್ನು ನೋಡಿಕೊಂಡೇ ಓದಿಬಿಡಿ. ಆಮೇಲೆ ಸುಮ್ನೆ ಕೂತು ಕೇಳಿದರೂ ನಡೆಯುತ್ತದೆ.

5. ಬರೆಯುವುದು

ಪಿಯುಸಿಯಲ್ಲಿ "ವಿವರಿಸಿ" ಅಂದರೆ ಗೊತ್ತಿದ್ದನ್ನೆಲ್ಲ ಬರೆದರೆ ಅಂಕ ಬರುತ್ತಿತ್ತು. ಇಲ್ಲಿ ಪ್ರಬಂಧಕ್ಕೆ ಒಂದು ವಾದ ಬೇಕು. ಅಂದರೆ ಯಾರಾದರೂ "ಅದು ಹಾಗಲ್ಲ" ಎನ್ನಬಹುದಾದ ಒಂದು ಮಾತು.

ಅಪ್ಪಿಕೋ ಚಳವಳಿಯ ಬಗ್ಗೆ ಬರೆಯುತ್ತೀರಿ ಅಂದುಕೊಳ್ಳಿ. "ಪರಿಸರ ಉಳಿಸುವುದು ನಮ್ಮೆಲ್ಲರ ಕರ್ತವ್ಯ, ಅಪ್ಪಿಕೋ ಒಂದು ಮಹತ್ವದ ಚಳವಳಿ" ಎಂದು ಶುರುಮಾಡಿದರೆ ಅಂಚಿನಲ್ಲಿ ಕೆಂಪು ಪ್ರಶ್ನಾರ್ಥಕ ಬೀಳುತ್ತದೆ. ಅದಕ್ಕೆ ಯಾರೂ ಇಲ್ಲ ಎನ್ನುವುದಿಲ್ಲವಲ್ಲ. ಹೀಗೆ ಬರೆದು ನೋಡಿ: "1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರ ಅಪ್ಪಿ ನಿಂತದ್ದಕ್ಕೆ ಕಾಡಿನ ಪ್ರೀತಿಯೊಂದೇ ಕಾರಣವಲ್ಲ; ಅಡಿಕೆ ತೋಟದ ಬದುಕು ಸೊಪ್ಪು, ದರಕು, ನೀರಿಗಾಗಿ ಆ ಕಾಡಿನ ಮೇಲೇ ನಿಂತಿತ್ತು." ಈಗ ವಾದ ಬಂತು. ಇದಕ್ಕೆ ಪುರಾವೆ ಹುಡುಕಬೇಕು. ಎದುರು ಮಾತನ್ನೂ ತರಬೇಕು: ತೋಟದವರಿಗೆ ಸೊಪ್ಪಿನ ಬೆಟ್ಟದ ಹಕ್ಕಿತ್ತು, ತೋಟವೇ ಇಲ್ಲದವರು ಈ ಚಳವಳಿಯನ್ನು ಹೇಗೆ ಕಂಡರು? ಆ ಎದುರು ಮಾತಿಗೆ ಒಂದು ಪುಟ ಕೊಟ್ಟರೆ ಪ್ರಬಂಧಕ್ಕೆ ಬೇರೆಯೇ ಬಲ ಬರುತ್ತದೆ.

ಊರಿನ ವಿಷಯವನ್ನೇ ಆರಿಸಿ ಎಂದು ಬಲವಾಗಿ ಹೇಳುತ್ತೇನೆ. ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಕಾರವಾರ, ಅಂಕೋಲಾ ಕಡೆಯ ಹಳ್ಳಿಗಳು, ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಹಾಲಕ್ಕಿಗಳ ಹಾಡು, ಕಾಳಿ ನದಿಯ ಅಣೆಕಟ್ಟುಗಳು. ಸಹಪಾಠಿಗಳಿಗೆ ಪುಸ್ತಕದಲ್ಲಷ್ಟೇ ಸಿಗುವುದು ನಿಮಗೆ ಅಜ್ಜಿಯ ಬಾಯಲ್ಲೂ ಸಿಗುತ್ತದೆ. ಕನ್ನಡದ ಮೂಲ ಓದಬಲ್ಲವರು ಕ್ಲಾಸಿನಲ್ಲಿ ನೀವೊಬ್ಬರೇ ಇರಬಹುದು. ಆದರೆ ಜನರನ್ನು ಮಾತಾಡಿಸಿ ಬರೆಯುವ ಮುಂಚೆ ಕಾಲೇಜಿನ ನೈತಿಕ ಸಮಿತಿಯ ಅನುಮತಿ ಬೇಕಾ ಎಂದು ಮೇಷ್ಟ್ರನ್ನು ಕೇಳಿ.

ಕೃತಿಚೌರ್ಯದ ಬಗ್ಗೆ ಎಚ್ಚರ. ಬೇರೆಯವರ ಸಾಲನ್ನಾಗಲಿ ವಿಚಾರವನ್ನಾಗಲಿ ಹೆಸರು ಹೇಳದೆ ಬಳಸಿದರೆ ಅದು ಕಳ್ಳತನವೇ. ಪದ ಅಲ್ಲಲ್ಲಿ ಬದಲಿಸಿದರೂ ಅಷ್ಟೇ, ಕನ್ನಡದ ಲೇಖನವನ್ನು ಇಂಗ್ಲಿಷಿಗೆ ತಂದು ನಿಮ್ಮದೆಂದು ಕೊಟ್ಟರೂ ಅಷ್ಟೇ. ಟರ್ನಿಟಿನ್‌ನಂಥ ತಂತ್ರಾಂಶ ಹೋಲಿಕೆ ತೋರಿಸುತ್ತದೆ. ಸಿಕ್ಕಿಬಿದ್ದರೆ ಆ ಕೆಲಸಕ್ಕೆ ಸೊನ್ನೆ ಬೀಳಬಹುದು, ಮತ್ತೆ ಮಾಡಿದರೆ ಅಮಾನತಿನವರೆಗೂ ಹೋಗಬಹುದು. ಉಪಾಯ ಸುಲಭ: ಟಿಪ್ಪಣಿ ಮಾಡುವಾಗಲೇ ಲೇಖಕರ ಹೆಸರು, ವರ್ಷ, ಪುಟ ಸಂಖ್ಯೆ ಬರೆದಿಡಿ. ಅವರ ಮಾತು ಯಥಾವತ್ ಇಳಿಸಿಕೊಂಡರೆ ಉದ್ಧರಣ ಚಿಹ್ನೆ ಆಗಲೇ ಹಾಕಿ. ಚಾಟ್‌ಜಿಪಿಟಿ ಬಳಸುವುದರ ಬಗ್ಗೆ ಒಂದೊಂದು ಕೋರ್ಸಿನಲ್ಲಿ ಒಂದೊಂದು ನಿಯಮ. ಸಿಲಬಸ್‌ನಲ್ಲಿ ಇಲ್ಲದಿದ್ದರೆ ಕೇಳಿ ತಿಳಿದುಕೊಳ್ಳಿ.

6. ಮೇಷ್ಟ್ರ ಕೋಣೆಗೆ ಹೋಗುವುದು

ಪ್ರತಿ ಅಧ್ಯಾಪಕರೂ ವಾರಕ್ಕೆ ಒಂದೆರಡು ಗಂಟೆ ವಿದ್ಯಾರ್ಥಿಗಳಿಗಾಗಿ ಕೋಣೆಯಲ್ಲಿ ಕೂತಿರುತ್ತಾರೆ. ಅದನ್ನು ಆಫೀಸ್ ಅವರ್ ಎನ್ನುತ್ತಾರೆ. ಸಣ್ಣ ಕಾಲೇಜಿಗೆ ಇಷ್ಟು ದುಡ್ಡು ಕೊಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ. ನಮ್ಮ ಮಕ್ಕಳು ಮಾತ್ರ ಬಾಗಿಲವರೆಗೆ ಹೋಗಿ "ಸರ್ ಬ್ಯುಸಿ ಇರಬಹುದು" ಅಂತ ವಾಪಸ್ ಬರುತ್ತಾರೆ. ಕರೆಸಿಕೊಳ್ಳದೆ ಮೇಷ್ಟ್ರ ಹತ್ತಿರ ಹೋದರೆ ಏನೋ ತಪ್ಪು ಮಾಡಿದ್ದಾನೆ ಎಂಬ ಹೈಸ್ಕೂಲಿನ ಅಂಜಿಕೆ ಅದು.

ಮೂರನೇ ವಾರದೊಳಗೆ ಎಲ್ಲ ಅಧ್ಯಾಪಕರ ಹತ್ತಿರವೂ ಒಮ್ಮೆ ಹೋಗಿ ಬನ್ನಿ. "ನನಗೆ ಏನೂ ಅರ್ಥ ಆಗ್ತಿಲ್ಲ" ಅಂದರೆ ಅವರಿಗೂ ಎಲ್ಲಿಂದ ಶುರುಮಾಡಬೇಕು ಗೊತ್ತಾಗುವುದಿಲ್ಲ. ಲೇಖನ ಕೈಯಲ್ಲಿ ಹಿಡಿದು, "ಹದಿನೇಳನೇ ಪುಟದವರೆಗೆ ತಿಳಿಯಿತು, ಈ ಪ್ಯಾರಾದಲ್ಲಿ ದಾರಿ ತಪ್ಪಿತು" ಎಂದು ತೋರಿಸಿ. ಅಂಕ ಕಡಿಮೆ ಬಂದಾಗಲೂ ಹೋಗಿ. "ಯಾಕೆ ಕಮ್ಮಿ ಕೊಟ್ಟಿರಿ" ಎನ್ನಬೇಡಿ. "ಮುಂದಿನ ಸಲ ಮೊದಲು ಯಾವುದನ್ನು ಸರಿಮಾಡಲಿ" ಎಂದು ಕೇಳಿ. ಕೆಲವರು ಹೆಸರು ಹಿಡಿದು ಕರೆಯಿರಿ ಎನ್ನುತ್ತಾರೆ. ನಾಲಿಗೆ ಏಳದಿದ್ದರೆ "ಪ್ರೊಫೆಸರ್" ಅಂದರೆ ಸಾಕು.

ಇಮೇಲ್ ಮಾಡುವಾಗ ವಿಷಯದ ಸಾಲಿನಲ್ಲಿ ಕೋರ್ಸಿನ ಹೆಸರು ಹಾಕಿ. ಒಳಗೆ ನೀವು ಯಾರು, ಏನು ಬೇಕು, ಯಾವಾಗ ಬರಬಹುದು, ಇಷ್ಟೇ. ಗಡುವು ಮುಂದೂಡಬೇಕಿದ್ದರೆ ಗಡುವಿಗೆ ಮುಂಚೆ ಬರೆಯಿರಿ. ಬಹಳ ಕಡೆ ಬರೆಯುವುದನ್ನು ಕಲಿಸುವ ರೈಟಿಂಗ್ ಸೆಂಟರ್, ಇಂಗ್ಲಿಷಿಗೆ ನೆರವಾಗುವ ಪುಕ್ಕಟೆ ತರಗತಿ ಇರುತ್ತವೆ. ಹೆಸರು ಹಚ್ಚಿಬಿಡಿ.

7. ಹಾಸ್ಟೆಲು ಮತ್ತು ಊರಿನ ದಾರಿ

ಕುಚಲಕ್ಕಿ ಅನ್ನ ಸಿಗುವುದಿಲ್ಲ. ಮೀನು ಸಿಕ್ಕರೂ ನಿಮಗೆ ಹಿಡಿಸುವುದಿಲ್ಲ. ಉಪ್ಪಿನಕಾಯಿ ಒಯ್ಯಿರಿ.

ಪ್ರವೇಶದ ಹೊತ್ತಿಗೆ ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆ ಬರೆದುಕೊಡಬೇಕಾಗುತ್ತದೆ. ಅದು ಬರೀ ಕಾಗದ ಅಲ್ಲ. ತೊಂದರೆಯಾದರೆ ಯುಜಿಸಿಯ ಸಹಾಯವಾಣಿ 1800-180-5522ಕ್ಕೆ ಕರೆ ಮಾಡಬಹುದು. ಲೈಂಗಿಕ ಕಿರುಕುಳದ ದೂರಿಗೆ ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು. ಅದರ ಇಮೇಲ್ ವಿಳಾಸವನ್ನು ಮೊದಲ ವಾರವೇ ಬರೆದಿಟ್ಟುಕೊಳ್ಳಿ. ಮೊದಲ ಸೆಮಿಸ್ಟರಿನ ನಡುವೆ, ಅಂಕಗಳು ಬರಲು ಶುರುವಾದಾಗ, ಮನಸ್ಸು ಕುಗ್ಗುವುದು ಬಹಳ ಜನರಿಗೆ ಆಗುತ್ತದೆ. ಕಾಲೇಜಿನ ಆಪ್ತಸಮಾಲೋಚಕರ ಹತ್ತಿರ ಹೋಗಿ. ಟೆಲಿ-ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು, ದುಡ್ಡಿಲ್ಲ. ಅಮ್ಮನಿಗೆ ಹೇಳಿದರೆ ಗಾಬರಿ ಆಗ್ತಾಳೆ ಅಂತ ಎಲ್ಲವನ್ನೂ ಒಳಗೇ ಇಟ್ಟುಕೊಳ್ಳಬೇಡಿ.

ಚೌತಿಗೆ ಊರಿಗೆ ಬರಬೇಕು ಅನ್ನುವವರು ಕಾಲೇಜಿನ ಕ್ಯಾಲೆಂಡರ್ ಸಿಕ್ಕಿದ ದಿನವೇ ತಾರೀಖು ನೋಡಿಕೊಳ್ಳಿ. ಹರಿಯಾಣದಲ್ಲಿ ಚೌತಿಗೆ ರಜೆ ಇರಬೇಕೆಂದೇನಿಲ್ಲ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನಕ್ಕೆ ಇಳಿದಿದೆ. ಬೆಂಗಳೂರು-ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಹಬ್ಬದ ಹಿಂದಿನ ರಾತ್ರಿಗೆ ಸೀಟು ಬೇಕಾದರೆ ಬುಕಿಂಗ್ ತೆರೆದ ಬೆಳಿಗ್ಗೆಯೇ ಕೂರಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಹೇಗೂ ಬಸ್ಸೇ ಗತಿ. ಮಳೆಗಾಲದಲ್ಲಿ ಘಟ್ಟದ ರಸ್ತೆ ಗುಡ್ಡ ಕುಸಿದು ಬಂದ್ ಆಗುವುದುಂಟು, ಪರೀಕ್ಷೆಯ ಹಿಂದಿನ ದಿನ ಹೊರಡುವ ಸಾಹಸ ಬೇಡ.

8. ಮೇಜರ್ ಆರಿಸುವುದು

ಮೇಜರ್ ಅಂದರೆ ನಿಮ್ಮ ಮುಖ್ಯ ವಿಷಯ, ಮೈನರ್ ಅಂದರೆ ಪಕ್ಕದ ವಿಷಯ. ಎರಡನೇ ವರ್ಷದ ಹೊತ್ತಿಗೆ ತೀರ್ಮಾನ ಮಾಡಿದರೂ ಆಗುತ್ತದೆ ಎನ್ನುತ್ತಾರೆ, ಅದು ಪೂರ್ತಿ ನಿಜ ಅಲ್ಲ. ಅರ್ಥಶಾಸ್ತ್ರ, ಭೌತಶಾಸ್ತ್ರದಂಥವಕ್ಕೆ ಮೊದಲ ಸೆಮಿಸ್ಟರಿನಿಂದಲೇ ಗಣಿತ ಬೇಕಾಗಬಹುದು. ಮುಂಚೆ ಓದಿರಲೇಬೇಕಾದ ಇಂಥ ಕೋರ್ಸುಗಳ ಪಟ್ಟಿ ವಿಭಾಗದಲ್ಲಿ ಸಿಗುತ್ತದೆ. ಪಿಯುಸಿಯಲ್ಲಿ ಕಲಾ ವಿಭಾಗ ಓದಿದವರು ಇದನ್ನು ಮೊದಲ ತಿಂಗಳೇ ನೋಡಿ.

ಸರ್ಕಾರಿ ಕೆಲಸದ ಆಸೆ ಇದ್ದವರಿಗೆ ಎರಡು ಮಾತು. ಯುಪಿಎಸ್‌ಸಿ ನಾಗರಿಕ ಸೇವೆ, ಕೆಎಎಸ್ ಪರೀಕ್ಷೆಗೆ ಮಾನ್ಯತೆ ಪಡೆದ ಯಾವ ಪದವಿಯಾದರೂ ನಡೆಯುತ್ತದೆ. ಆದರೆ ಸರ್ಕಾರಿ ಶಿಕ್ಷಕ ಹುದ್ದೆಯ ಅಧಿಸೂಚನೆಯಲ್ಲಿ ಪದವಿಯಲ್ಲಿ ಯಾವ ಐಚ್ಛಿಕ ವಿಷಯ ಓದಿರಬೇಕು ಎಂಬ ಷರತ್ತು ಇರುತ್ತದೆ. ಮೈನರ್ ಆರಿಸುವ ಮುಂಚೆ ಹಳೆಯ ಅಧಿಸೂಚನೆಯೊಂದನ್ನು ತೆಗೆದು ನೋಡಿ. ಅಂಕಪಟ್ಟಿಯಲ್ಲಿ ಸಿಜಿಪಿಎ, ಅಂದರೆ ಎಲ್ಲ ಸೆಮಿಸ್ಟರಿನ ಸರಾಸರಿ ಗ್ರೇಡು, ಮಾತ್ರ ಇರುತ್ತದೆ. ನಮ್ಮ ಅರ್ಜಿಗಳು ಶೇಕಡಾವಾರು ಕೇಳುತ್ತವೆ. ಪದವಿ ಮುಗಿಸಿ ಹೊರಬರುವಾಗಲೇ ಪರಿವರ್ತನೆಯ ಪತ್ರ ಪಡೆದುಕೊಳ್ಳಿ.

9. ಇದು ನನಗಲ್ಲ ಅನಿಸಿದರೆ

ಬೇಗ ಹೇಳಿದಷ್ಟೂ ದುಡ್ಡು ಉಳಿಯುತ್ತದೆ. 2018ರ ಯುಜಿಸಿ ಸೂಚನೆಯ ಪ್ರಕಾರ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮುಂಚೆ ಸೀಟು ಬಿಟ್ಟರೆ, ಸ್ವಲ್ಪ ಸಂಸ್ಕರಣಾ ಶುಲ್ಕ ಕಳೆದು, ಪೂರ್ತಿ ವಾಪಸ್. ಕೊನೆಯ ದಿನದೊಳಗೆ ಬಿಟ್ಟರೆ ಶೇ 90, ಅದಾಗಿ 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50, ಆಮೇಲೆ ಏನೂ ಇಲ್ಲ. ಕೆಲವು ವರ್ಷ ಯುಜಿಸಿ ಇದಕ್ಕಿಂತ ಉದಾರವಾದ ಸುತ್ತೋಲೆ ಹೊರಡಿಸುತ್ತದೆ. 2024-25ಕ್ಕೆ ಸೆಪ್ಟೆಂಬರ್ 30ರವರೆಗೆ ಪೂರ್ತಿ ವಾಪಸ್ ಎಂದಿತ್ತು. ನಿಮ್ಮ ವರ್ಷದ ಸುತ್ತೋಲೆ ಹುಡುಕಿ, ಅದರ ಪ್ರತಿ ಜೋಡಿಸಿಯೇ ಅರ್ಜಿ ಕೊಡಿ. ಮೂಲ ಅಂಕಪಟ್ಟಿ, ಟಿಸಿ ಇತ್ಯಾದಿಗಳನ್ನು ಪರಿಶೀಲನೆ ಮಾಡಿ ಮರಳಿಸಬೇಕೇ ಹೊರತು ಕಾಲೇಜು ಇಟ್ಟುಕೊಳ್ಳುವ ಹಾಗಿಲ್ಲ ಎಂದೂ ಅದೇ 2018ರ ಸೂಚನೆ ಹೇಳುತ್ತದೆ.

ಒಂದು ವರ್ಷ ಓದಿ ಬಿಡುವುದಾದರೆ, ಗಳಿಸಿದ ಕ್ರೆಡಿಟ್‌ಗಳು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ (ಕ್ರೆಡಿಟ್ ಕೂಡಿಡುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ನಿಮ್ಮ ಖಾತೆಗೆ ಬಿದ್ದಿವೆಯಾ ನೋಡಿ. ಆದರೆ ಖಾತೆಯಲ್ಲಿದ್ದ ಮಾತ್ರಕ್ಕೆ ಊರಿನ ಕಾಲೇಜು ಅವನ್ನು ಒಪ್ಪಲೇಬೇಕೆಂದಿಲ್ಲ. ಇಲ್ಲಿಯ ಬಿಎ ವಿಷಯಗಳ ಜೋಡಣೆ ಬೇರೆ, ಎರಡನೇ ವರ್ಷಕ್ಕೆ ನೇರವಾಗಿ ಸೇರಿಸಿಕೊಳ್ಳಲು ವಿಶ್ವವಿದ್ಯಾಲಯದ ಒಪ್ಪಿಗೆ ಬೇಕಾಗುತ್ತದೆ. ಹಾಗಾಗಿ ಅಲ್ಲಿಂದ ಟಿಸಿ ತೆಗೆಸುವ ಮುಂಚೆ ಇಲ್ಲಿಯ ಪ್ರಾಂಶುಪಾಲರನ್ನು ಕಂಡು, ಸಿಲಬಸ್‌ಗಳ ಪ್ರತಿ ತೋರಿಸಿ, ಸೇರಿಸಿಕೊಳ್ಳುತ್ತೇವೆ ಎಂಬುದನ್ನು ಬರಹದಲ್ಲಿ ಪಡೆಯಿರಿ.